ಸುತ್ತಿಗೆಯ ಬಲಗೈ

ಬಸ್ಸು ಬರುವುದು ಹತ್ತೂವರೆಗೆ. ಎಂಟು ಗಂಟೆಗೇ ನಿಲ್ದಾಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಗಾಜಿನ ಕಾರ್ಖಾನೆಯ ಬೆಳಗಿನ ಪಾಳಿಯವರು ಹೊಟ್ಟೆನೋವು, ತಲೆನೋವು ಎಂದು ಸುಳ್ಳು ಹೇಳಿ ಬಂದಿದ್ದರು. ಹಿಂದಿನ ಪಾಳಿ ಮುಗಿಸಿದವರು ಮನೆಗೂ ಹೋಗದೆ ಬಂದು ಕಂಬಗಳಿಗೆ ಒರಗಿ ತೂಕಡಿಸುತ್ತಿದ್ದರು. ಟೈಲರಮ್ಮ ಮೂರು ದಿನ ಅಂಗಡಿ ಕೆಲಸವನ್ನೆಲ್ಲ ಬದಿಗೊತ್ತಿ ಹೊಲಿದ ಹಸಿರು ಬ್ಯಾನರನ್ನು ನಾಲ್ಕು ಜನ ಎತ್ತಿ ಹಿಡಿದಿದ್ದರು. ಅದರ ನಡುವೆ ಆಳೆತ್ತರದ ಒಂದು ಸುತ್ತಿಗೆ.

“ಸುತ್ತಿಗೆ ಹೊಲೀತೀನಿ ಅಂದೆ, ಸೌಟು ಹೊಲಿದಿದ್ದೀಯಲ್ಲಮ್ಮ,” ಎಂದೆ.

“ಗ್ರಿಪ್ಪಣ್ಣ, ಇವತ್ತು ಶುಭದಿನ, ಸುಮ್ನಿರಿ. ಇಲ್ಲಾಂದ್ರೆ ನಿಮ್ಮ ಬಾಯಿಗೂ ನಾಲ್ಕು ಹೊಲಿಗೆ ಹಾಕಿಬಿಡ್ತೀನಿ,” ಎಂದು ಟೈಲರಮ್ಮ ಎಲ್ಲರನ್ನೂ ನಗಿಸಿದಳು. ಅಭಿಮಾನಿಗಳ ಬಳಗಕ್ಕೆ ಅವಳೇ ಯಜಮಾನಿ. ಅವಳು ಕೂಗು ಎಂದರೆ ಮೈದಾನದ ಸ್ಟ್ಯಾಂಡು ಕೂಗುತ್ತದೆ, ಸುಮ್ಮನಿರು ಎಂದರೆ ಸುಮ್ಮನಾಗುತ್ತದೆ.

ಗ್ರಿಪ್ಪಣ್ಣ ಎಂದರೆ ನಾನು. ಮೈದಾನದ ಗೇಟಿನ ಎದುರು, ನಮ್ಮಪ್ಪನ ಕಾಲದಿಂದಲೂ, ಹಾಕಿ ಸ್ಟಿಕ್ ರಿಪೇರಿಯ ಅಂಗಡಿ ನಮ್ಮದು. ಸೀಳು ಬಿಟ್ಟದ್ದಕ್ಕೆ ಅಂಟು, ಸವೆದದ್ದಕ್ಕೆ ಪಟ್ಟಿ, ಹಿಡಿಗೆ ಹೊಸ ಗ್ರಿಪ್. ನಲವತ್ತು ವರ್ಷ ಇದನ್ನೇ ಮಾಡಿದ್ದೇನೆ. ಬೇರೆ ವಿಷಯದಲ್ಲಿ ನಾನು ಎಷ್ಟೇ ದಡ್ಡನಿರಬಹುದು, ಒಂದು ಸ್ಟಿಕ್ಕಿನ ಹಳೆಯ ಗ್ರಿಪ್ ಬಿಚ್ಚಿ ನೋಡಿದರೆ ಸಾಕು, ಅದನ್ನು ಹಿಡಿದವನ ಇಡೀ ವರ್ಷದ ಕಥೆ ಹೇಳುತ್ತೇನೆ.

ಆ ವರ್ಷ ನಮ್ಮ ತಂಡದ ಗತಿ ಯಾರಿಗೂ ಬೇಡ. ಹನ್ನೆರಡು ತಂಡಗಳಲ್ಲಿ ನಾವು ಹನ್ನೊಂದನೆಯವರು, ಕೊನೆಯವರಿಗಿಂತ ಒಂದೇ ಒಂದು ಕೂದಲೆಳೆ ಮೇಲೆ. ಉಳಿದದ್ದು ಭಾನುವಾರದ ಒಂದು ಪಂದ್ಯ, ಆ ಕೊನೆಯವರ ಜೊತೆಗೇ. ಗೆದ್ದರೆ ಸರಿ, ಸಮವಾದರೂ ಸರಿ, ಉಳಿದುಕೊಳ್ಳುತ್ತೇವೆ. ಸೋತರೆ ಕೆಳದರ್ಜೆಗೆ. ಕೆಳಗೆ ಬಿದ್ದ ತಂಡವನ್ನು ಸಾಕುವುದಿಲ್ಲ ಎಂದು ಕಾರ್ಖಾನೆಯ ಮ್ಯಾನೇಜರು ನೋಟಿಸು ಬೋರ್ಡಿಗೇ ಅಂಟಿಸಿದ್ದರು. ಆಟದ ಮೇಲೆ ಕೆಲಸಕ್ಕೆ ಸೇರಿದ ಹದಿನಾರು ಜನರಿಗೂ ತಂಡದ ಜೊತೆಗೆ ಕೆಲಸವೂ ಹೋಗುತ್ತದೆ.

ಹಾಗೆ ಸೇರಿದವರಲ್ಲಿ ನನ್ನ ಮಗನೂ ಒಬ್ಬ. ಗೋಲ್‌ಕೀಪರ್. ಹನ್ನೊಂದು ವರ್ಷದಿಂದ ಆ ಎರಡು ಕಂಬಗಳ ನಡುವೆಯೇ ಅವನ ಬಾಳು. ಈಗ ಮೂವತ್ತೆರಡು, ಮೊಣಕಾಲುಗಳು ಮೆಟ್ಟಿಲು ಹತ್ತುವಾಗ ಕಟಕಟ ಎನ್ನುತ್ತವೆ. ಬೇರೆ ತಂಡದವರು ಮೂಸಿಯೂ ನೋಡುವುದಿಲ್ಲ. ಮನೆಯಲ್ಲಿ ಸೊಸೆಗೆ ಏಳು ತಿಂಗಳು. ಎರಡು ತಿಂಗಳಿಂದ ಅವನು ತಟ್ಟೆಯ ಮುಂದೆ ಕೂತು ಅನ್ನ ಕಲಸುತ್ತಾನೆ, ತಿನ್ನುವುದಿಲ್ಲ. ನಮ್ಮವಳು ಬೈದೂ ನೋಡಿದಳು, ಅತ್ತೂ ನೋಡಿದಳು.

ಅಂಥ ಹೊತ್ತಿನಲ್ಲಿ ಕಾರ್ಖಾನೆಯ ಕ್ರೀಡಾ ಸಮಿತಿಯವರು ಸುತ್ತಿಗೆಯನ್ನು ಕರೆಸಿದರು. ಹೆಸರು ಬೇರೆ ಇದೆ, ಆದರೆ ದೇಶಕ್ಕೆಲ್ಲ ಅವನು ಸುತ್ತಿಗೆಯೇ. ಎದುರಾಳಿ ತನ್ನ ಗೋಲಿನ ಹತ್ತಿರ ತಪ್ಪು ಮಾಡಿದಾಗ ಸಿಗುವ ಪೆನಾಲ್ಟಿ ಕಾರ್ನರ್‌ನಲ್ಲಿ ಅವನು ಚೆಂಡನ್ನು ಎಳೆದು ಬೀಸಿದರೆ ಗೋಲಿನ ಹಲಗೆ ಢಂ ಎನ್ನುವ ಸದ್ದು ರಸ್ತೆಯವರೆಗೆ ಕೇಳುತ್ತದೆ ಎನ್ನುತ್ತಿದ್ದರು. ಅಂಥವನು ಇಂಥ ತಂಡಕ್ಕೆ ಯಾಕೆ ಬಂದ ಎಂದು ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ. ಮುಳುಗುವವನು ಹುಲ್ಲುಕಡ್ಡಿಯ ಜಾತಕ ಕೇಳುತ್ತಾನೆಯೇ?

ಬಸ್ಸು ಬಂತು. ಅವನು ಇಳಿದ. ಎತ್ತರದ ಆಳು, ಕಿವಿಯ ಮೇಲೆ ನಾಲ್ಕು ಬಿಳಿ ಕೂದಲು, ಎಡ ಹೆಗಲಲ್ಲಿ ಉದ್ದನೆಯ ಚೀಲ. “ಸುತ್ತಿಗೆ! ಸುತ್ತಿಗೆ!” ಎಂಬ ಕೂಗಿಗೆ ಕಂಬದ ಮೇಲಿನ ಪಾರಿವಾಳಗಳೆಲ್ಲ ಹಾರಿಹೋದವು. ಬಾಟಲಿ ಅಚ್ಚಿನ ವಿಭಾಗದ ಇಬ್ಬರು ಅವನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡರು. ಎಲ್ಲರಿಗೂ ಅವನ ಕೈ ಕುಲುಕುವ ಆಸೆ. ಅವನು ಬಲಗೈಯನ್ನು ಜಾಕೆಟಿನ ಜೇಬಿನಲ್ಲೇ ಇಟ್ಟುಕೊಂಡು ಎಡಗೈ ಕೊಟ್ಟ. ದೊಡ್ಡವರ ರೀತಿಯೇ ಬೇರೆ ಎಂದುಕೊಂಡೆವು. ಟೈಲರಮ್ಮನಂತೂ ಆ ಎಡಗೈಯನ್ನು ಕಣ್ಣಿಗೊತ್ತಿಕೊಂಡು, “ನಮ್ಮನ್ನ ಕೈ ಬಿಡಬೇಡಪ್ಪ,” ಎಂದು ಅತ್ತೇಬಿಟ್ಟಳು.

ನನ್ನ ಮಗ ಹಿಂದೆ ಗೋಡೆಗೆ ಒರಗಿ ನಿಂತಿದ್ದ. ನಾನು ಹತ್ತಿರ ಹೋದಾಗ ನಕ್ಕ. ಎರಡು ತಿಂಗಳಲ್ಲಿ ಅದೇ ಮೊದಲ ನಗು.

“ಅಪ್ಪ, ಬದುಕಿಕೊಂಡ್ವಿ ಅನ್ಸತ್ತೆ,” ಎಂದ.

ನಮ್ಮ ತಂಡಕ್ಕೊಂದು ಪದ್ಧತಿ ಇದೆ. ಹೊಸಬ ಯಾರೇ ಬರಲಿ, ಮೊದಲ ಪಂದ್ಯಕ್ಕೆ ಮುಂಚೆ ಅವನು ತನ್ನ ಸ್ಟಿಕ್ಕನ್ನು ತಾನೇ ತಂದು ನಮ್ಮ ಅಂಗಡಿಯಲ್ಲಿ ಕೊಡಬೇಕು. ಹಳೆಯ ಗ್ರಿಪ್ ಬಿಚ್ಚಿ ನಾನು ತಂಡದ ಹಸಿರು ಪಟ್ಟಿ ಸುತ್ತಿಕೊಡಬೇಕು. ಅದಾದ ಮೇಲೆಯೇ ಅವನು ನಮ್ಮವನು. ಬಿಚ್ಚುವಾಗ ಪರದೆ ಎಳೆದಿರುತ್ತದೆ. ನಮ್ಮಪ್ಪನ ಮಾತು ಅದು: “ಒಬ್ಬನ ಗ್ರಿಪ್ಪಿನೊಳಗೆ ಕಂಡದ್ದನ್ನ ಇನ್ನೊಬ್ಬನಿಗೆ ಹೇಳಬೇಡ. ಹೇಳಿದ ದಿನ ಅಂಗಡಿ ಮುಚ್ಚು.”

ಆ ಮಧ್ಯಾಹ್ನ ಸುತ್ತಿಗೆ ಒಳಗೆ ಬಂದ. ಬೀದಿಯಲ್ಲಿ ಜನ, ಡೋಲು, ಕೂಗು. ನಾನು ಪರದೆ ಎಳೆದೆ. ಅವನು ಸ್ಟಿಕ್ಕನ್ನು ಬೆಂಚಿನ ಮೇಲಿಟ್ಟು, ಸ್ಟೂಲಿನ ಮೇಲೆ ಕೂತು, ನನ್ನ ಮುಖವನ್ನೇ ನೋಡತೊಡಗಿದ.

“ಬಿಚ್ಚಲೇಬೇಕಾ ಯಜಮಾನ್ರೇ? ಇದರ ಮೇಲೇ ಸುತ್ತಿಬಿಡಿ.”

“ಕೊಳೆ ಬಟ್ಟೆ ಮೇಲೆ ಹೊಸ ಅಂಗಿ ಹಾಕ್ಕೊಳ್ತಾರೇನಪ್ಪ?” ಎಂದು ನಗುತ್ತಲೇ ಬಿಚ್ಚಿದೆ.

ಹಾಕಿ ಸ್ಟಿಕ್ಕನ್ನು ಎಡಗೈ ಮೇಲ್ತುದಿಯಲ್ಲಿ ಹಿಡಿಯುತ್ತದೆ, ಬಲಗೈ ಕೆಳಗೆ. ಮೇಲಿನದು ತಿರುಗಿಸುವ ಕೈ, ಕೆಳಗಿನದು ಬಲ ಕೊಡುವ ಕೈ. ಪೆನಾಲ್ಟಿ ಕಾರ್ನರ್ ಬೀಸುವವನ ಗ್ರಿಪ್ಪಿನಲ್ಲಿ ಬಲಗೈ ಜಾಗ ಬಟ್ಟಲಿನ ಹಾಗೆ ಸವೆದಿರಬೇಕು, ಬೆವರಿಗೆ ಕಪ್ಪಾಗಿರಬೇಕು. ಇದರಲ್ಲಿ ಬಲಗೈ ಜಾಗ ಅಂಗಡಿಯಿಂದ ಈಗ ತಂದ ಹಾಗೆ ಬಿಳಿಚಿಕೊಂಡಿತ್ತು. ಮೇಲ್ತುದಿಯಲ್ಲಿ ಮಾತ್ರ ಉಗುರು ನಾಟಿ ನಾಟಿ ಪಟ್ಟಿ ಚಿಂದಿಯಾಗಿತ್ತು. ಈ ಮನುಷ್ಯ ತಿಂಗಳುಗಟ್ಟಲೆ ಒಂದೇ ಕೈಯಲ್ಲಿ ಆಡಿದ್ದಾನೆ.

“ಕೈ ತೋರಿಸು,” ಎಂದೆ.

ಅವನು ಜೇಬಿನಿಂದ ಬಲಗೈ ತೆಗೆದು ಬೆಂಚಿನ ಮೇಲಿಟ್ಟ. ಹೆಬ್ಬೆರಳಿನ ಬುಡದ ಮಾಂಸ ಇಂಗಿಹೋಗಿತ್ತು.

“ನರ ಹೋಗಿದೆ. ಎರಡು ಬೆರಳಿಗೆ ಜೀವವೇ ಇಲ್ಲ, ಮೂರನೇದಕ್ಕೆ ಅರ್ಧ. ಎಂಟು ತಿಂಗಳಾಯ್ತು,” ಎಂದ.

“ಹಾಳಾದವನೇ, ಹಾಗಿದ್ರೆ ಯಾಕೆ ಬಂದೆ? ಹೊರಗೆ ಆ ಜನ ನೋಡಿದ್ಯಾ? ನಿನ್ನ ನಂಬ್ಕೊಂಡು ಹದಿನಾರು ಸಂಸಾರ ಕೂತಿವೆ!”

“ಮೆಲ್ಲಗೆ ಮಾತಾಡಿ, ನಿಮ್ಮ ದಮ್ಮಯ್ಯ. ಎಲ್ಲಾ ತಂಡದವರೂ ಡಾಕ್ಟರ್ ಹತ್ರ ತೋರಿಸಿ ಆಮೇಲೆ ಬಾ ಅಂದ್ರು. ನಿಮ್ಮವರೊಬ್ರೇ ಏನೂ ನೋಡದೆ ಕರೆದಿದ್ದು. ನಂಗೆ ಇದು ಬಿಟ್ರೆ ಬೇರೇನೂ ಬರಲ್ಲ ಯಜಮಾನ್ರೇ.”

ಅದೇ ಮಾತನ್ನು ಹಿಂದಿನ ವಾರವಷ್ಟೇ ನನ್ನ ಮಗ ಅವನಮ್ಮನಿಗೆ ಹೇಳಿದ್ದ. ನನಗೆ ಇನ್ನೂ ಸಿಟ್ಟು ಬಂತು. ಎದ್ದು ಪರದೆಗೆ ಕೈ ಹಾಕಿದೆ. ಕೋಚು ಗೇಟಿನ ಹತ್ತಿರವೇ ಇದ್ದ. ಎರಡು ಹೆಜ್ಜೆ, ಎರಡು ಮಾತು, ಮುಗಿಯುತ್ತಿತ್ತು.

ಪರದೆಯ ಸಂದಿನಿಂದ ಬೀದಿ ಕಂಡಿತು. ಟೈಲರಮ್ಮ ಕುಣಿಯುತ್ತಿದ್ದಳು. ನನ್ನ ಮಗ ಅವಳ ಬ್ಯಾನರಿನ ಒಂದು ತುದಿ ಹಿಡಿದು ನಿಂತು, ಯಾರೋ ಕೊಟ್ಟ ಬ್ರೆಡ್ಡನ್ನು ಗಬಗಬ ತಿನ್ನುತ್ತಿದ್ದ. ಎರಡು ತಿಂಗಳಿಂದ ಹೊಟ್ಟೆಗಿಲ್ಲದವನು. ಆ ಬ್ರೆಡ್ಡನ್ನು ಅವನ ಬಾಯಿಂದ ಕಿತ್ತುಕೊಳ್ಳುವುದು ನನ್ನಿಂದಾಗಲಿಲ್ಲ.

ಪರದೆ ಬಿಟ್ಟೆ. ಅಪ್ಪನ ಮಾತು ನೆನಪಾಯಿತು, ಹೇಳಬೇಡ ಎಂದಿದ್ದನಲ್ಲ. ಬೇಕಾದಾಗ ಹಿರಿಯರ ಮಾತು ಎಷ್ಟು ಚೆನ್ನಾಗಿ ನೆನಪಾಗುತ್ತದೆ ನೋಡಿ! ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು. ಅದು ನನ್ನ ಕಸುಬಿನ ಕೊಬ್ಬು. ಮುರಿದ ಸ್ಟಿಕ್ಕನ್ನು ನಲವತ್ತು ವರ್ಷ ಸರಿಮಾಡಿದ್ದೇನೆ, ಈ ಕೈಯನ್ನು ಸರಿಮಾಡಲಾರೆನೆ? ಬಲಗೈ ಜಾಗದಲ್ಲಿ ಗ್ರಿಪ್ಪಿನ ಒಳಗೆ ಒಂದು ಬೆಣೆ ಕೂರಿಸಿದರೆ, ಆ ಜೀವವಿಲ್ಲದ ಬೆರಳುಗಳು ಅದಕ್ಕೆ ಕೊಕ್ಕೆ ಹಾಕಿದಂತೆ ಸಿಕ್ಕಿಕೊಂಡರೆ, ಸ್ಟಿಕ್ ಜಾರುವುದಿಲ್ಲ.

ಮರದ ಬೆಣೆ ಮಾಡಿದೆ, ಜಾರಿತು. ಹೊಸ ಚರ್ಮ ಮಡಚಿ ಇಟ್ಟೆ, ಗಡುಸಾಯಿತು. ಬೇಕಾದದ್ದು ವರ್ಷಗಟ್ಟಲೆ ಬೆವರು ಕುಡಿದು ಮೆತ್ತಗಾದ ಚರ್ಮ. ಅಂಗಡಿಯಲ್ಲಿ ಅಂಥದ್ದು ಒಂದೇ ಇತ್ತು. ಗೋಡೆಯ ಮೊಳೆಗೆ ನೇತುಹಾಕಿದ್ದ ನನ್ನ ಮಗನ ಮೊದಲ ಜೊತೆ ಗ್ಲೌಸು. ಹದಿನೈದನೆಯ ವಯಸ್ಸಿನಲ್ಲಿ ಬಲಗೈಯದರ ಅಂಗೈ ಹರಿದಾಗ ಅವನೇ ಸೂಜಿ ಹಿಡಿದು ಹಳದಿ ದಾರದಲ್ಲಿ ಏಳು ಹೊಲಿಗೆ ಹಾಕಿದ್ದ, ಏಳೂ ಸೊಟ್ಟ. ನಾನು ಅದನ್ನು ಬಂದವರಿಗೆಲ್ಲ ತೋರಿಸಿ ನಗುತ್ತಿದ್ದೆ. ಆ ಬಲಗೈ ಗ್ಲೌಸನ್ನು ಮೊಳೆಯಿಂದ ತೆಗೆದು ಅಂಗೈ ಕತ್ತರಿಸಿದೆ.

ಶನಿವಾರ ಬೆಳಿಗ್ಗೆ ಅಂಗಡಿಯ ಹಿಂದಿನ ಅಂಗಳದಲ್ಲಿ ಹಲಗೆ ನಿಲ್ಲಿಸಿ ಸುತ್ತಿಗೆಯ ಕೈಯಲ್ಲಿ ಚೆಂಡು ಬೀಸಿಸಿದೆ. ಮೊದಲ ಚೆಂಡು ಢಂ ಎಂದಿತು. ಎರಡನೆಯದೂ ಢಂ ಎಂದಿತು. ನನ್ನ ಕಣ್ಣಲ್ಲಿ ನೀರೇ ಬಂತು.

“ಇನ್ನೊಂದು ಹೊಡಿ,” ಎಂದೆ.

ಅವನು ಬಲಗೈಯನ್ನು ಒದರಿ, ಕಂಕುಳಲ್ಲಿ ಸಿಕ್ಕಿಸಿಕೊಂಡ. “ಸಾಕು ಯಜಮಾನ್ರೇ. ಮೂರನೇದು ನಾಳೆಗಿರಲಿ.”

ಅವನ ಮೇಲ್ದುಟಿಯ ಮೇಲೆ ಬೆವರು ಕೂತಿತ್ತು. ಅದನ್ನು ನಾನು ನೋಡಲಿಲ್ಲ ಎನ್ನಲಾರೆ. ನೋಡಿದೆ, ಬಿಸಿಲಿಗೆ ಎಂದುಕೊಂಡೆ.

ಅವತ್ತು ಮಧ್ಯಾಹ್ನ ಮಗ ಊಟಕ್ಕೆ ಬಂದ. ಎರಡು ಸಲ ಬಡಿಸಿಕೊಂಡ. ನಮ್ಮವಳ ಸಂಭ್ರಮ ಹೇಳತೀರದು, ಅಡುಗೆಮನೆಗೂ ಹೊರಗೂ ಹತ್ತು ಸಲ ಓಡಾಡಿದಳು. ಕೈ ತೊಳೆಯುತ್ತ ಅವನು ಕೇಳಿದ:

“ಅಪ್ಪ, ಗ್ರಿಪ್ ಬಿಚ್ಚಿದ್ಯಲ್ಲ. ಒಳಗಿನ ವಿಷಯ ನೀನು ಹೇಳಲ್ಲ ಅಂತ ಗೊತ್ತು. ಒಂದೇ ಮಾತು ಹೇಳು. ಕೋಚು, ಕಾರ್ನರ್ ಸಿಕ್ರೆ ಡಿಫೆನ್ಸ್‌ನವರನ್ನ ಏನು ಮಾಡೋದು ಅಂತ ನನಗೇ ಬಿಟ್ಟಿದ್ದಾನೆ. ಹಿಂದೆ ನಿಂತು ಇಡೀ ಮೈದಾನ ನೋಡೋನು ನಾನೇ ಅಲ್ವಾ. ಅವನ ಕೈ ಗಟ್ಟಿ ಇದ್ರೆ ಎಲ್ಲರನ್ನೂ ಮುಂದಕ್ಕೆ ಕಳಿಸ್ತೀನಿ, ಚೆಂಡು ಕೀಪರ್‌ಗೆ ಬಡಿದು ವಾಪಸ್ ಬಂದ್ರೂ ನಮ್ಮವರೇ ತಳ್ಳಬಹುದು. ಅನುಮಾನ ಇದ್ರೆ ಇಬ್ಬರನ್ನ ಹಿಂದೆ ಇಟ್ಕೊಳ್ತೀನಿ. ಹೇಗಿದೆ ಕೈ?”

ಅಪ್ಪ ಹೇಳಬೇಡ ಎಂದಿದ್ದ. ಸುಳ್ಳು ಹೇಳು ಎಂದು ಅವನು ಹೇಳಿರಲಿಲ್ಲ. “ನನ್ನ ಕೇಳಬೇಡ” ಎಂದಿದ್ದರೂ ಸಾಕಿತ್ತು, ನನ್ನ ಮಗ ಅರ್ಥಮಾಡಿಕೊಳ್ಳುತ್ತಿದ್ದ. ಆದರೆ ನನ್ನ ಕಿವಿಯಲ್ಲಿ ಆ ಎರಡು ಢಂ ಇನ್ನೂ ಮೊಳಗುತ್ತಿದ್ದವು.

“ಕಲ್ಲಿನ ಹಾಗಿದೆ,” ಎಂದೆ.

“ಅಷ್ಟು ಸಾಕು,” ಎಂದು ಅವನು ಸೊಸೆಯ ಕೈಯಿಂದ ಟವೆಲು ತೆಗೆದುಕೊಂಡ.

ಭಾನುವಾರ ಮೂರು ಗಂಟೆಗೆ ಪಂದ್ಯ. ನಾನು, ನಮ್ಮವಳು, ಟೈಲರಮ್ಮ ಒಂದೇ ಸಾಲಿನಲ್ಲಿ. ಆರಂಭದಲ್ಲೇ ಎದುರಾಳಿಗಳು ಒಂದು ಗೋಲು ಹೊಡೆದರು. ನಮ್ಮವಳು ನನ್ನ ತೋಳು ಹಿಡಿದು ಕೂತಳು, ಬಿಡಲಿಲ್ಲ. ಆದರೂ ಒಂದು ಸೋಜಿಗ ನಡೆಯುತ್ತಿತ್ತು. ಸುತ್ತಿಗೆ ಎಲ್ಲಿ ಹೋದರೂ ಅವರ ಇಬ್ಬರು ಡಿಫೆಂಡರುಗಳು ಅವನಿಗೆ ಅಂಟಿಕೊಂಡೇ ಇರುತ್ತಿದ್ದರು. ಅವನು ಚೆಂಡು ಮುಟ್ಟಿದ್ದು ಕಡಿಮೆ, ಮುಟ್ಟಿದಾಗಲೂ ಎಡಗೈ ಬಲದಲ್ಲೇ ಮೆಲ್ಲಗೆ ತಳ್ಳಿಬಿಡುತ್ತಿದ್ದ. ಹೆಸರಿಗೇ ಅಷ್ಟು ಭಯ. ಆ ಇಬ್ಬರು ಬಿಟ್ಟ ಜಾಗದಲ್ಲಿ ನಮ್ಮ ಇನ್ನೊಬ್ಬ ನುಗ್ಗಿ ಗೋಲು ಹೊಡೆದ. ಒಂದು, ಒಂದು.

“ನೋಡಿದ್ರಾ ಗ್ರಿಪ್ಪಣ್ಣ, ಅವನು ಬರೀ ನಿಂತ್ರೂ ಗೋಲು!” ಎಂದು ಟೈಲರಮ್ಮ ನನ್ನ ಬೆನ್ನಿಗೆ ಗುದ್ದಿದಳು. ಮಹಾ ಬುದ್ಧಿವಂತ ನಾನು, ನನ್ನ ಸುಳ್ಳೇ ತಂಡವನ್ನು ಕಾಯುತ್ತಿದೆ ಎಂದು ಹಿಗ್ಗಿದೆ.

ಇನ್ನು ಹತ್ತು ನಿಮಿಷ ಇರುವಾಗ ಅವರು ಅಲೆ ಅಲೆಯಾಗಿ ನುಗ್ಗತೊಡಗಿದರು. ನನ್ನ ಮಗ ಕಾಲಲ್ಲಿ ತಡೆದ, ಎದೆಯಲ್ಲಿ ತಡೆದ, ಒಂದು ಸಲ ಹೆಲ್ಮೆಟ್ಟಿನಲ್ಲೇ ತಡೆದ. ಸ್ಟ್ಯಾಂಡಿಗೆ ಸ್ಟ್ಯಾಂಡೇ ಅವನನ್ನು ಹೆಸರು ಹಿಡಿದು ಕೂಗಿತು. ಐದು ನಿಮಿಷ ಉಳಿದಾಗ, ಎಲ್ಲಿಂದಲೋ ಚೆಂಡು ಆ ಕಡೆ ಹೋಗಿ, ಅವರಲ್ಲೊಬ್ಬನ ಕಾಲಿಗೆ ತಗುಲಿ, ಅಂಪೈರು ಎರಡೂ ಕೈ ಗೋಲಿನ ಕಡೆ ಚಾಚಿದ. ಪೆನಾಲ್ಟಿ ಕಾರ್ನರ್, ನಮಗೆ.

ಆ ಗದ್ದಲ ನಾನು ಜನ್ಮದಲ್ಲಿ ಕೇಳಿರಲಿಲ್ಲ. “ಸುತ್ತಿಗೆ! ಸುತ್ತಿಗೆ!” ಜನ ಅಳುತ್ತ ಕೂಗುತ್ತಿದ್ದರು. ಸುತ್ತಿಗೆ ಅವರ ಗೋಲಿನ ಮುಂದಿನ ವೃತ್ತದ ಅಂಚಿಗೆ ಹೋಗಿ ನಿಂತ. ಬಲಗೈಯನ್ನು ತೊಡೆಗೆ ಉಜ್ಜಿದ, ಮತ್ತೆ ಉಜ್ಜಿದ. ಒಂದೇ ಒಂದು ಸಲ ತಲೆಯೆತ್ತಿ ಸ್ಟ್ಯಾಂಡಿನ ಕಡೆ ನೋಡಿದ. ಯಾರನ್ನು ಹುಡುಕುತ್ತಿದ್ದಾನೆ ಎಂದು ನನಗೆ ಗೊತ್ತಿತ್ತು.

ಈ ಕಡೆ ತುದಿಯಲ್ಲಿ ನನ್ನ ಮಗ ಗೋಲಿನಿಂದ ನಾಲ್ಕು ಹೆಜ್ಜೆ ಮುಂದೆ ಬಂದ. ಹಿಂದೆ ಉಳಿದಿದ್ದ ಇಬ್ಬರು ಅವನ ಕಡೆ ತಿರುಗಿ ನೋಡಿದರು. ಅವನು ಕೈಯೆತ್ತಿ ಬೀಸಿದ. ಹೋಗಿ, ಹೋಗಿ ಮುಂದಕ್ಕೆ.

“ಬೇಡ!” ಎಂದು ನಾನು ಎದ್ದು ನಿಂತೆ. “ಬೇಡ ಕಣೋ, ನಿಲ್ಲಿಸೋ ಅವರನ್ನ!” ಹತ್ತು ಸಾವಿರ ಜನರ ಬಾಯಿಯ ಕೆಳಗೆ ನನ್ನ ಕೂಗು ನನಗೇ ಕೇಳಲಿಲ್ಲ.

“ಕೂತ್ಕೊಳ್ರೀ, ಕಾಣ್ಸಲ್ಲ!” ಎಂದು ಹಿಂದಿನವರು ಜಗ್ಗಿದರು.

ಚೆಂಡು ಬಂತು, ಒಬ್ಬ ನಿಲ್ಲಿಸಿದ, ಸುತ್ತಿಗೆ ಬಗ್ಗಿ ಎಳೆದ. ಅರ್ಧದವರೆಗೂ ಸರಿಯಾಗಿಯೇ ಬಂತು. ಆಮೇಲೆ ಸ್ಟಿಕ್ ಅವನ ಬಲಗೈಯೊಳಗೆ ಗಿರ್ರನೆ ತಿರುಗಿಹೋಯಿತು. ಚೆಂಡು ನಾಲ್ಕು ಮಾರು ಉರುಳಿ, ಓಡಿಬರುತ್ತಿದ್ದ ಅವರ ಡಿಫೆಂಡರನ ಸ್ಟಿಕ್ಕಿಗೆ ತಾನಾಗಿ ಹೋಗಿ ಕೂತಿತು. ಅವನು ತಲೆಯೆತ್ತಿ ನೋಡಿದ. ನಮ್ಮ ಅರ್ಧ ಮೈದಾನ ಖಾಲಿ.

ಮೂವರು ಬಂದರು. ನನ್ನ ಮಗ ಒಬ್ಬ. ಮೊದಲನೆಯ ಹೊಡೆತವನ್ನು ಕಾಲಲ್ಲಿ ತಡೆದ. ವಾಪಸು ಹೋದ ಚೆಂಡನ್ನು ಇನ್ನೊಬ್ಬ ಹೊಡೆದ, ಅದನ್ನೂ ನೆಲಕ್ಕೆ ಬಿದ್ದು ತಡೆದ. ಮೂರನೆಯವನು ಬಿದ್ದವನ ಮೇಲಿಂದ ಮೆಲ್ಲಗೆ ಎತ್ತಿ ಹಾಕಿದ. ಎಳೆ ಮಗುವೂ ಹಾಕಬಹುದಾದ ಗೋಲು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಪಂದ್ಯ ಮುಗಿದ ಮೇಲೆ ಸುತ್ತಿಗೆ ವೃತ್ತದ ಅಂಚಿನಲ್ಲಿ ಮಂಡಿಯೂರಿ ಅಳುತ್ತಿದ್ದ. ಜನ ಬೇಲಿ ಹಾರಿ ಓಡಿದರು. ಹೊಡೆಯುತ್ತಾರೆ ಎಂದುಕೊಂಡೆ. ಇಲ್ಲ, ಎತ್ತಿಕೊಂಡರು. “ನಿನ್ನ ತಪ್ಪಲ್ಲಪ್ಪ, ಒಂದು ಸಲ ಯಾರಿಗಾದ್ರೂ ಜಾರತ್ತೆ,” ಎಂದು ಅವನ ಕಣ್ಣೊರೆಸಿದರು. ಆಮೇಲೆ ಎಲ್ಲರೂ ನನ್ನ ಮಗನ ಕಡೆ ತಿರುಗಿದರು.

“ಯಾವ ಕುರುಡ ಆ ಇಬ್ಬರನ್ನ ಮುಂದೆ ಕಳಿಸಿದ್ದು?”

“ಇವನೇ, ಕೈ ಬೀಸಿದ್ದು ನಾನೇ ನೋಡಿದೆ!”

“ಬೇಲಿಯೇ ಎದ್ದು ಹೊಲ ಮೇಯ್ತಲ್ಲೋ!” ಎಂದಳು ಟೈಲರಮ್ಮ. ಅವನು ಚಿಕ್ಕವನಿದ್ದಾಗ ಅವನ ಚಡ್ಡಿ ಹೊಲಿದುಕೊಟ್ಟವಳು ಅವಳು. “ಹದಿನಾರು ಮನೆ ಒಲೆಗೆ ನೀರು ಸುರಿದ್ಯಲ್ಲೋ ಪಾಪಿ!”

ನಮ್ಮವಳು ಅವಳ ಮೇಲೆ ಹುಲಿಯ ಹಾಗೆ ಎಗರಿದಳು. “ಇಷ್ಟು ಹೊತ್ತು ಎದೆ ಕೊಟ್ಟು ಕಾದೋನು ಯಾರೇ? ನಿನ್ನ ಸುತ್ತಿಗೆ ಏನು ಕಿತ್ತು ಗುಡ್ಡೆ ಹಾಕ್ದ? ನನ್ನ ಮಗನ ಮೇಲೆ ಬಾಯಿ ಮಾಡಿದ್ರೆ ನಾಲಿಗೆ ಸೀಳ್ತೀನಿ!” ಎನ್ನುತ್ತ ನನ್ನ ಕಡೆ ತಿರುಗಿ, “ಏನ್ರೀ ಹಾಗೆ ನಿಂತಿದ್ದೀರಾ, ನೀವಾದ್ರೂ ಏನಾದ್ರೂ ಹೇಳ್ರೀ!” ಎಂದಳು.

ಟೈಲರಮ್ಮ ನನ್ನ ಬಾಯಿಗೆ ನಿಜವಾಗಿಯೂ ಹೊಲಿಗೆ ಹಾಕಿದ್ದಳೋ ಏನೋ. ಯಾರೋ ಎಸೆದ ನೀರಿನ ಬಾಟಲಿ ನನ್ನ ಮಗನ ಹೆಲ್ಮೆಟ್ಟಿಗೆ ಬಡಿಯಿತು. ಅವನು ಅದನ್ನು ಎತ್ತಿ, ಮುಚ್ಚಳ ಹಾಕಿ, ಬದಿಗಿಟ್ಟು ಒಳಗೆ ಹೋದ. ನಾನು ಅದನ್ನೂ ನೋಡುತ್ತ ನಿಂತಿದ್ದೆ. ನನ್ನಂಥ ಹೇಡಿಯನ್ನು ನೀವು ಕಂಡಿರಲಾರಿರಿ.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಕಾರ್ಖಾನೆಯ ಗೇಟಿನಲ್ಲಿ ನೋಟಿಸು ಹಾಕಿದರು. ತಂಡ ಬರಖಾಸ್ತು. ಆಟದ ಮೇಲೆ ಸೇರಿದ ಹದಿನಾರು ಜನರಿಗೆ ತಿಂಗಳ ಕೊನೆಯವರೆಗೆ ಮಾತ್ರ ಕೆಲಸ. ಸುತ್ತಿಗೆ ಮೊದಲ ಬಸ್ಸಿಗೇ ಹೊರಟುಹೋಗಿದ್ದ. ಹೋಗುವ ಮುನ್ನ ಸ್ಟಿಕ್ಕನ್ನು ಅಭಿಮಾನಿಗಳಿಗೆ ಕೊಟ್ಟಿದ್ದನಂತೆ. ಟೈಲರಮ್ಮ ಬಂದು ಅದನ್ನು ನನ್ನ ಬೆಂಚಿನ ಮೇಲಿಟ್ಟು, “ಇಲ್ಲೇ ಗೋಡೆ ಮೇಲೆ ಹಾಕೋಣ ಗ್ರಿಪ್ಪಣ್ಣ. ನಮ್ಮೂರಿಗೂ ಒಬ್ಬ ಅಂಥೋನು ಬಂದಿದ್ದ ಅಂತ ನೆನಪಿರಲಿ. ಕೊಕ್ಕೆ ತರ್ತೀನಿ,” ಎಂದು ಹೋದಳು. ಮಗನ ಸುದ್ದಿ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಅವಳು ಹೋದ ಹಿಂದೆಯೇ ಮಗ ಬಂದ. ಪ್ಯಾಡು, ಹೆಲ್ಮೆಟ್ಟು ಎಲ್ಲ ಕಾರ್ಖಾನೆಯ ಸಾಮಾನು, ಸಂಜೆಯೊಳಗೆ ಒಪ್ಪಿಸಬೇಕು. ಒಂದು ಪ್ಯಾಡಿನ ಬಕಲ್ ಕಿತ್ತುಹೋಗಿತ್ತು. “ಇದನ್ನ ಸರಿಮಾಡಿಕೊಡಪ್ಪ,” ಎಂದ. ಕಣ್ಣು ಕೆಂಪಗಿದ್ದವು. ನಾನು ಬಕಲ್ ಹುಡುಕುವ ನೆವದಲ್ಲಿ ಡಬ್ಬಿಯೊಳಗೆ ತಲೆ ಹಾಕಿದೆ. ತಲೆಯೆತ್ತಿದಾಗ ಅವನ ಕೈಯಲ್ಲಿ ಸುತ್ತಿಗೆಯ ಸ್ಟಿಕ್ ಇತ್ತು.

ಈ ಅಂಗಡಿಯಲ್ಲಿ, ಈ ಬೆಂಚಿನ ಕೆಳಗೆ ಆಡಿ ಬೆಳೆದವನು ಅವನು. ಗ್ರಿಪ್ ಓದುವುದನ್ನು ನಾನೇ ಕಲಿಸಿದ್ದೆ. ಎಡಗೈ ಮೇಲಿಟ್ಟು, ಬಲಗೈ ಕೆಳಗಿಟ್ಟು ಹಿಡಿದು ನೋಡಿದ. ಬಲಗೈ ನಿಂತಿತು. ಹೆಬ್ಬೆರಳಿನಿಂದ ಆ ಉಬ್ಬನ್ನು ಒಂದು ಸಲ ಒತ್ತಿದ, ಇನ್ನೊಂದು ಸಲ ಒತ್ತಿದ.

“ಇದೇನಪ್ಪ ಇಲ್ಲಿ?”

ಆಗಲಾದರೂ ಹೇಳಬಹುದಿತ್ತು. ನಾನು ಬಕಲ್ ಉಜ್ಜುತ್ತ ಕೂತೆ.

ಅವನು ಪಟ್ಟಿಯ ತುದಿ ಬಿಡಿಸಿ, ಒಂದೊಂದೇ ಸುತ್ತು ಬಿಚ್ಚತೊಡಗಿದ. ಹಸಿರು ಪಟ್ಟಿ ಬೆಂಚಿನ ಮೇಲೆ ಸುರುಳಿ ಸುರುಳಿಯಾಗಿ ಬೀಳುತ್ತಿತ್ತು. ಒಂಬತ್ತು ಸುತ್ತು ಎಂದು ನನಗೆ ಗೊತ್ತು, ನಾನೇ ಸುತ್ತಿದ್ದು. ಒಂಬತ್ತೂ ಮುಗಿದವು. ಬೆಣೆ ಅವನ ಅಂಗೈ ಮೇಲೆ ಬಿತ್ತು. ಬಿಡಿಸಿ ಹರಡಿದ. ಬೆವರಿಗೆ ಕಪ್ಪಾದ ಚರ್ಮ, ಹಳದಿ ದಾರದ ಏಳು ಸೊಟ್ಟ ಹೊಲಿಗೆ.

ತಲೆಯೆತ್ತಿ ಮೊಳೆಯ ಕಡೆ ನೋಡಿದ. ಅಲ್ಲಿ ಎಡಗೈ ಗ್ಲೌಸೊಂದೇ ನೇತಾಡುತ್ತಿತ್ತು.

“ಕಲ್ಲಿನ ಹಾಗಿದೆ ಅಂದೆ,” ಎಂದ.

ಬೈಯಲಿ ಎಂದು ಕಾದೆ. ಬೈಯಲಿಲ್ಲ.

“ಇಬ್ಬರನ್ನ ಹಿಂದೆ ಇಟ್ಕೊಳ್ತಿದ್ದೆ ಅಪ್ಪ. ಇಬ್ಬರೇ ಸಾಕಿತ್ತು.”

“ಮಗನೇ…” ಎಂದೆ.

ಅಷ್ಟರಲ್ಲಿ ಬಾಗಿಲಲ್ಲಿ ಟೈಲರಮ್ಮ, ಅವಳ ಹಿಂದೆ ಏಳೆಂಟು ಜನ, ಕೊಕ್ಕೆ ಮೊಳೆ ಹಿಡಿದುಕೊಂಡು. ನನ್ನ ಮಗನನ್ನು ಕಂಡು ಅವರ ಮುಖ ಕಪ್ಪಿಟ್ಟಿತು.

“ಇವನ ಕೈಗೆ ಯಾಕೆ ಕೊಟ್ರಿ ಅದನ್ನ? ಪಟ್ಟಿ ಯಾಕೆ ಬಿಚ್ಚಿದ್ದಾನೆ? ಅವನ ನೆನಪಿಗೆ ಅಂತ ಇರೋದು ಅದೊಂದೇ, ಅದನ್ನೂ ಹಾಳು ಮಾಡ್ಬೇಕಾ?”

ನಾನು ಎದ್ದೆ. ಈ ಸಲ ಹೇಳಿಯೇಬಿಡುತ್ತೇನೆ ಎಂದು ಬಾಯಿ ತೆರೆದೆ. ಬೆಂಚಿನ ಕೆಳಗೆ ನನ್ನ ಮಗನ ಕಾಲು ನನ್ನ ಕಾಲನ್ನು ಗಟ್ಟಿಯಾಗಿ ಮೆಟ್ಟಿತು. ಅವನ ಕೈ ಆಗಲೇ ಚರ್ಮವನ್ನು ಮಡಚಿ, ಇದ್ದ ಜಾಗದಲ್ಲೇ ಇಟ್ಟು, ಅದರ ಮೇಲೆ ಹಸಿರು ಪಟ್ಟಿಯನ್ನು ಸುತ್ತುತ್ತಿತ್ತು. ನಾನು ಕಲಿಸಿದ ಹಾಗೆಯೇ, ಒಂದರ ಮೇಲೊಂದು ಅರ್ಧ ಅಗಲ ಬರುವಂತೆ.

“ಸಡಿಲ ಆಗಿತ್ತು ಅಕ್ಕ, ಬಿಗಿ ಮಾಡ್ತಿದ್ದೆ,” ಎಂದ. ಒಂಬತ್ತನೆಯ ಸುತ್ತು ಮುಗಿಸಿ ಸ್ಟಿಕ್ಕನ್ನು ಅವಳ ಕೈಗಿತ್ತ.

ಅವರು ಗೋಡೆಗೆ ಮೊಳೆ ಹೊಡೆದು ಅದನ್ನು ನೇತುಹಾಕಿದರು. ಸ್ವಲ್ಪ ಹೊತ್ತು ಕೈಕಟ್ಟಿ ನಿಂತು ನೋಡಿ, ನನ್ನ ಮಗನ ಕಡೆ ತಿರುಗಿಯೂ ನೋಡದೆ ಹೊರಟುಹೋದರು. ನನ್ನ ಕಾಲ ಮೇಲಿಂದ ಅವನು ಆಗ ಕಾಲು ತೆಗೆದ.

“ಯಾಕೋ ತಡೆದೆ? ಹೇಳ್ತಿದ್ದೆ ಕಣೋ, ದೇವರಾಣೆ ಹೇಳ್ತಿದ್ದೆ,” ಎಂದು ಅತ್ತೆ.

“ಹೇಳಿದ್ರೆ ನಾಳೆಯಿಂದ ಈ ಅಂಗಡಿಗೆ ಯಾರು ಸ್ಟಿಕ್ ತರ್ತಾರೆ?” ಎಂದ. “ನನ್ನದಂತೂ ಹೋಯ್ತು. ಇನ್ನೆರಡು ತಿಂಗಳಿಗೆ ಮಗು ಬರತ್ತೆ. ಇದಾದ್ರೂ ಉಳೀಲಿ.”

ಸರಿಮಾಡಿದ ಪ್ಯಾಡನ್ನು ಹೆಗಲಿಗೆ ಹಾಕಿಕೊಂಡ. ಮೊಳೆಯಿಂದ ಎಡಗೈ ಗ್ಲೌಸನ್ನು ತೆಗೆದು ಜೇಬಿನಲ್ಲಿಟ್ಟುಕೊಂಡು, ಹೊರಗೆ ಆ ಜನ ಇನ್ನೂ ನಿಂತಿದ್ದ ಬೀದಿಗೆ ಇಳಿದ.